ತಂಪು ಯಾರಿಗೆ, ಝಳ ಯಾರಿಗೆ?

ವಿಷಯ ಸಣ್ಣದು. ಮನೆಯ ಹಳೆಯ ಎಸಿ ಕೆಟ್ಟಿತು. ರಿಪೇರಿ ಮಾಡಿಸಬೇಕೊ, ಎತ್ತಿ ಒಗೆದು ಹೊಸದು ತರಬೇಕೊ? ಇಷ್ಟೇ ಪ್ರಶ್ನೆ. ಈ ಪುಟಗಳನ್ನು ಓದುವ ಗೆಳೆಯರಲ್ಲಿ ಬಹಳ ಮಂದಿಯ ಮನೆಯಲ್ಲಿ ಎಸಿ ಇರಲಿಕ್ಕಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ತಂಪಿನ ಯೋಜನೆಯ ವರದಿಯ ಪ್ರಕಾರವೇ ಆಗ ದೇಶದ ನೂರು ಮನೆಗಳಲ್ಲಿ ಸುಮಾರು ಎಂಟರಲ್ಲಿ ಮಾತ್ರ ಎಸಿ ಇತ್ತು. "ಹೊಟ್ಟೆ ತುಂಬಿದವರ ಚಿಂತೆ ನಮಗ್ಯಾಕೆ" ಎಂದು ಪುಟ ತಿರುವುವವರೂ ಇದ್ದಾರು. ತಿರುವುವ ಮೊದಲು ಒಂದು ಮಾತು ಕೇಳಿ. ಆ ಎಂಟು ಮನೆಗಳ ತಂಪಿನ ಲೆಕ್ಕದಲ್ಲಿ ಉಳಿದ ತೊಂಬತ್ತೆರಡು ಮನೆಗಳ ಪಾಲೂ ಇದೆ. ಆ ಪಾಲು ಯಾವುದು ಎಂಬುದನ್ನು ನಾನೂ ತಿಳಿದಿರಲಿಲ್ಲ. ನನ್ನ ಎಸಿ ಕೆಟ್ಟ ಮೇಲೆಯೇ ತಿಳಿದದ್ದು.

ನಾನು ಕಲಬುರಗಿಯಲ್ಲಿ ಪಾಠ ಹೇಳುವವನು. ಹುಟ್ಟಿದ್ದು ಊರ ಹೊರಗಿನ ಕೇರಿಯಲ್ಲಿ, ತಗಡಿನ ಮನೆಯಲ್ಲಿ. ಮೇ ತಿಂಗಳ ಮಧ್ಯಾಹ್ನ ನಮ್ಮವ್ವ ಗೋಣಿತಾಟು ನೆನೆಸಿ ತಗಡಿನ ಮೇಲೆ ಹಾಸುತ್ತಿದ್ದಳು. ಅದು ಅರ್ಧ ತಾಸಿನಲ್ಲಿ ಒಣಗಿ ಹಪ್ಪಳವಾಗುತ್ತಿತ್ತು. ನೀರು ತರಲು ಮತ್ತೆ ದೂರ ಹೋಗಬೇಕು. ನೀರಿಗಾಗಿ ಬೇರೊಬ್ಬರ ಕೈ ನೋಡಬೇಕು. ಹಾಗಾಗಿ ತಂಪು ಎಂಬುದು ನನಗೆ ಚಿಕ್ಕಂದಿನಿಂದಲೂ ಸುಖದ ಮಾತಲ್ಲ, ಯಾರ ಕೈಯಲ್ಲಿ ನೀರಿದೆ ಎಂಬ ಮಾತು. 2011ರಲ್ಲಿ, ಅವ್ವನಿಗೆ ಎದೆಯ ಕಾಯಿಲೆ ಬಂದಾಗ, ಸಾಲ ಮಾಡಿ ಒಂದೂವರೆ ಟನ್ನಿನ ಎಸಿ ತಂದೆ. ಇಲ್ಲಿ ಮೇ ತಿಂಗಳಲ್ಲಿ ಬಿಸಿಲು 43, 44 ಡಿಗ್ರಿ ಮುಟ್ಟುತ್ತದೆ. ಮುದಿ ಮೈ ಬೆವರುವುದು ಕಡಿಮೆ. ಬೆವರದ ಮೈ ಒಳಗೇ ಬೇಯುತ್ತದೆ. ಅವ್ವನಿಗೀಗ ಎಂಬತ್ತು ದಾಟಿದೆ. ಆ ಕೋಣೆಯಲ್ಲಿ ಆಕೆ ಮಲಗುತ್ತಾಳೆ, ನಾವು ನೆಲದ ಮೇಲೆ.

ಕಳೆದ ವರ್ಷದ ಏಪ್ರಿಲ್‌ನಲ್ಲಿ ಅದು ಬರೀ ಗಾಳಿ ಬಿಡತೊಡಗಿತು. ತಂಪಿಲ್ಲ. ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಎಷ್ಟು ವರ್ಷವಾಯ್ತು ಎಂದು ಕೇಳಿದ, ಹದಿನಾಲ್ಕು ಎಂದೆ, ನಕ್ಕುಬಿಟ್ಟ. "ಅದಕ್ಕ ರೊಕ್ಕಾ ಹಾಕಬ್ಯಾಡ್ರಿ ಸರ್. ಹಳೇದು ನಮಗ ಕೊಡ್ರಿ, ಹೊಸಾದು ಒಯ್ರಿ. ಕರೆಂಟ್ ಉಳೀತದ, ಪರಿಸರಾನೂ ಉಳೀತದ." ನಲವತ್ತು ಸಾವಿರ. ಕಂತಿನಲ್ಲಿ ಕೊಡಬಹುದು. ಅವನ ಮಾತಿನಲ್ಲಿ ಪರಿಸರವೂ ಕಂತಿನಲ್ಲಿ ಸಿಗುತ್ತಿತ್ತು.

ಮನೆಗೆ ಮೆಕ್ಯಾನಿಕ್ ಬಂದ. ಹತ್ತನೆಯ ತರಗತಿ ಮುಗಿಸದೆ ಒಬ್ಬ ಉಸ್ತಾದನ ಕೈಕೆಳಗೆ ಚೀಲ ಹೊತ್ತು ಕಲಿತವನು. ಗೇಜ್ ಹಚ್ಚಿ ನೋಡಿ, "ಗ್ಯಾಸ್ ಹೋಗ್ಯಾದ್ರಿ ಸರ್, ತುಂಬಿದ್ರ ಈ ಸೀಜನ್ ನಡೀತದ" ಎಂದ.

"ಗ್ಯಾಸ್ ಎಲ್ಲಿ ಹೋಯ್ತಪ್ಪಾ?"

"ಎಲ್ಲಿಗ್ರಿ? ಹವಾದಾಗ ಹೋಯ್ತು."

ಈ ಉತ್ತರದಲ್ಲಿ ಒಂದು ಇಡೀ ವ್ಯವಸ್ಥೆಯ ಗುಟ್ಟಿದೆ. ಬೈಕಿಗೆ ಪೆಟ್ರೋಲ್ ಖರ್ಚಾದಂತೆ ಎಸಿಗೆ ಗ್ಯಾಸ್ ಖರ್ಚಾಗುತ್ತದೆ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದೇವೆ. ಅದು ಸುಳ್ಳು. ಮೈಯೊಳಗೆ ರಕ್ತ ಸುತ್ತಿದಂತೆ ಅದು ತಾಮ್ರದ ಕೊಳವೆಯೊಳಗೆ ಸುತ್ತುತ್ತಿರುತ್ತದೆ. ತೂತು ಬೀಳದೆ ಕಡಿಮೆಯಾಗುವುದಿಲ್ಲ. ನಟ್ಟು ಸಡಿಲಾಗಿರಬಹುದು, ಬೆಸುಗೆ ಬಿಟ್ಟಿರಬಹುದು, ಇಲ್ಲವೆ ಪಕ್ಕದ ತೆರೆದ ಚರಂಡಿಯ ಗಾಳಿ ತಾಮ್ರವನ್ನು ತಿಂದು ಸೂಜಿಯ ಮೊನೆಯಷ್ಟು ತೂತು ಮಾಡಿರಬಹುದು. ತೂತು ಮುಚ್ಚದೆ ಗ್ಯಾಸ್ ತುಂಬುವುದೆಂದರೆ ಒಡೆದ ಕೊಡಕ್ಕೆ ನೀರು ಹೊಯ್ದಂತೆ. ಪ್ರತಿ ಬೇಸಿಗೆ ನಾವು ಹಣ ಕೊಟ್ಟು ತುಂಬಿಸುತ್ತೇವೆ, ಪ್ರತಿ ಬೇಸಿಗೆ ಅದು ಗಾಳಿಗೆ ಹೋಗುತ್ತದೆ. ಗಾಳಿ ಯಾರಪ್ಪನದು? ಎಲ್ಲರದು. ಎಲ್ಲರದು ಎಂದ ಮೇಲೆ ಯಾರದೂ ಅಲ್ಲ ಎಂಬುದು ಉಳ್ಳವರ ನ್ಯಾಯ. ಕೆರೆಯ ನೀರಿನ ವಿಷಯದಲ್ಲಿ ಮಾತ್ರ ಈ ನ್ಯಾಯ ತಿರುವುಮುರುವಾಗಿತ್ತು ಎಂಬುದು ನಮಗೆ ಗೊತ್ತಿದೆ.

ಆ ಗ್ಯಾಸಿನ ಜಾತಕವನ್ನೂ ಸ್ವಲ್ಪ ನೋಡೋಣ. ನನ್ನ ಎಸಿಯಲ್ಲಿರುವುದು ಆರ್-22. ಇಂಥ ಗ್ಯಾಸುಗಳ ಕುಲದ ಹಿರಿಯರಾದ ಸಿಎಫ್‌ಸಿಗಳು ಆಕಾಶದ ಓಝೋನ್ ಪದರವನ್ನು ತಿನ್ನುತ್ತವೆ ಎಂದು ಮೊಲಿನಾ ಮತ್ತು ರೋಲೆಂಡ್ ಎಂಬ ಇಬ್ಬರು ವಿಜ್ಞಾನಿಗಳು 1974ರಲ್ಲೇ ಹೇಳಿದರು. 1985ರಲ್ಲಿ ದಕ್ಷಿಣ ಧ್ರುವದ ಮೇಲೆ ಓಝೋನ್ ತೆಳ್ಳಗಾದದ್ದು ಜಗತ್ತಿಗೆ ಗೊತ್ತಾಯಿತು. 1987ರಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಯಿತು. ಆರ್-22 ಆ ಹಿರಿಯರಷ್ಟು ಕ್ರೂರಿಯಲ್ಲ, ಆದರೆ ಅದೇ ಮನೆತನದ್ದು. 2030ರ ಹೊತ್ತಿಗೆ, ಹಳೆಯ ಯಂತ್ರಗಳ ರಿಪೇರಿಗೆ ಬೇಕಾದ ಸ್ವಲ್ಪವನ್ನು ಬಿಟ್ಟು, ಭಾರತದಲ್ಲಿ ಅದರ ಬಳಕೆ ನಿಲ್ಲಬೇಕು. ಓಝೋನಿನ ಮಾತು ಹಾಗಿರಲಿ. ಒಂದು ಕಿಲೋ ಆರ್-22 ಗಾಳಿಗೆ ಹೋದರೆ ನೂರು ವರ್ಷದ ಅವಧಿಯಲ್ಲಿ ಭೂಮಿಯನ್ನು ಕಾಯಿಸುವುದು ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡ್ ಕಾಯಿಸಿದಷ್ಟು. ಹೊಸ ಎಸಿಗಳಲ್ಲಿ ಹೆಚ್ಚಾಗಿ ಬರುವ ಆರ್-32 ಓಝೋನನ್ನು ತಿನ್ನುವುದಿಲ್ಲ. ಆದರೆ ಅದೂ ಕಿಲೋಗೆ ಸುಮಾರು 675 ಕಿಲೋದಷ್ಟು ಕಾಯಿಸುತ್ತದೆ.

ಈಗ ಅಂಗಡಿಯವನ ಮಾತನ್ನು ಲೆಕ್ಕಕ್ಕೆ ಹಚ್ಚೋಣ. ವಿದ್ಯಾರ್ಥಿ ಗೆಳೆಯರು ಒಂದು ಕಾಗದ ತೆಗೆದುಕೊಂಡು ಜೊತೆಗೆ ಬರೆದರೆ ಒಳ್ಳೆಯದು. ನನ್ನ ಹಳೆಯ ಎಸಿ ತಾಸಿಗೆ ಸರಾಸರಿ ಒಂದೂವರೆ ಯೂನಿಟ್ ತಿನ್ನುತ್ತದೆ. ಒಳ್ಳೆಯ ಹೊಸದು ಒಂದು ಯೂನಿಟ್‌ಗಿಂತ ಸ್ವಲ್ಪ ಕಡಿಮೆ. ತಾಸಿಗೆ 0.6 ಯೂನಿಟ್ ಉಳಿತಾಯ ಎನ್ನೋಣ. ದಿನಕ್ಕೆ ಎಂಟು ತಾಸು, ಬೇಸಿಗೆಯ ನಾಲ್ಕು ತಿಂಗಳು: ವರ್ಷಕ್ಕೆ ಉಳಿಯುವುದು ಆರು ನೂರು ಯೂನಿಟ್‌ಗೆ ಸ್ವಲ್ಪ ಕಡಿಮೆ. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ ಮೂರೂವರೆ ಸಾವಿರ. ಹಾಕಿದ ನಲವತ್ತು ಸಾವಿರ ತಿರುಗಿ ಬರಲು ಹನ್ನೊಂದು ವರ್ಷ ಬೇಕು. ಹೊಸದು ಅಷ್ಟು ವರ್ಷ ಬದುಕುವುದೆಂದು ಯಾರೂ ಬರೆದುಕೊಡುವುದಿಲ್ಲ.

ಇದು ಜೇಬಿನ ಲೆಕ್ಕ. ಇನ್ನು ಗಾಳಿಯ ಲೆಕ್ಕ. ನಮ್ಮ ದೇಶದ ಕರೆಂಟ್ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಹೊಗೆ ಬಿಡುತ್ತದೆ. ಆರು ನೂರು ಯೂನಿಟ್ ಉಳಿದರೆ ವರ್ಷಕ್ಕೆ ಸುಮಾರು 400 ಕಿಲೋ ಉಳಿಯಿತು. ಒಳ್ಳೆಯದೇ. ಆದರೆ ನನ್ನ ಹಳೆಯ ಎಸಿಯನ್ನು ಗುಜರಿಗೆ ಕೊಟ್ಟು, ಅಲ್ಲಿ ಕೊಳವೆ ಕತ್ತರಿಸಿದಾಗ ಒಂದು ಕಿಲೋ ಗ್ಯಾಸ್ ಬುಸ್ಸೆಂದು ಗಾಳಿಗೆ ಹೋದರೆ? 1,800 ಕಿಲೋ. ನಾಲ್ಕು ವರ್ಷಕ್ಕೂ ಹೆಚ್ಚು ಕಾಲದ ಉಳಿತಾಯ ಒಂದು ಗಳಿಗೆಯಲ್ಲಿ ಹೋಯಿತು. ತೂತು ಮುಚ್ಚದೆ ವರ್ಷವರ್ಷ ತುಂಬಿಸುತ್ತ ಹೋದರೂ ಇದೇ ಪಾಪ, ಪ್ರತಿ ವರ್ಷ. ಹಾಗಾದರೆ ಅಂಗಡಿ ನಮ್ಮ ಮುಂದಿಟ್ಟ ಪ್ರಶ್ನೆಯೇ ಅರೆಬರೆ. ರಿಪೇರಿಯೊ ಹೊಸದೊ ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು, ಒಳಗಿರುವ ಗ್ಯಾಸ್ ಎಲ್ಲಿಗೆ ಹೋಗುತ್ತದೆ, ಅದನ್ನು ಹಿಡಿಯುವವರು ಯಾರು?

ಅಂಗಡಿಯವರು ಒಯ್ದ ಹಳೆಯದು ಎಲ್ಲಿಗೆ ಹೋಗುತ್ತದೆಂದು ಮೆಕ್ಯಾನಿಕ್‌ನನ್ನು ಕೇಳಿದೆ. ಸ್ವಲ್ಪ ಚೆನ್ನಾಗಿದ್ದರೆ ತೊಳೆದು, ಬಣ್ಣ ಬಳಿದು, ನಮಗಿಂತ ಬಡವನಿಗೆ ಮಾರುತ್ತಾರಂತೆ. ಜೆರಾಕ್ಸ್ ಅಂಗಡಿಗೊ, ಸಣ್ಣ ದವಾಖಾನೆಗೊ. ಅಂದರೆ ನನ್ನ ಹಳೆಯ ಯಂತ್ರ ಸಾಯುವುದಿಲ್ಲ. ಅದರ ಕರೆಂಟ್ ಬಿಲ್ಲು ಇನ್ನೊಬ್ಬನ ತಲೆಗೆ ಬೀಳುತ್ತದೆ, ನಾನು ಪರಿಸರವಾದಿಯಾಗುತ್ತೇನೆ. ತೀರ ಹೋಗಿದ್ದರೆ ಗುಜರಿ. ಅಲ್ಲಿ ಓದು ಬಿಟ್ಟ ಹುಡುಗರು ಸುತ್ತಿಗೆಯಿಂದ ಒಡೆದು ತಾಮ್ರ ಬೇರೆ, ಅಲ್ಯುಮಿನಿಯಂ ಬೇರೆ ಮಾಡುತ್ತಾರೆ. ವೈರಿನ ಮೇಲಿನ ಪ್ಲಾಸ್ಟಿಕ್ ಸುಡುತ್ತಾರೆ. ಆ ಹೊಗೆ ಮೊದಲು ಹೋಗುವುದು ಅವರ ಎದೆಗೆ. ಕಾನೂನಿಲ್ಲವೆ? ಇದೆ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಹಳೆಯ ಸರಕು ನೋಂದಾಯಿತ ಮರುಬಳಕೆದಾರರ ಮೂಲಕ ಮುಗಿಯುವಂತೆ ನೋಡಿಕೊಳ್ಳುವ ಹೊಣೆ ತಯಾರಕರದು. ಆ ನಿಯಮದ ಕಾಗದ ಗುಜರಿಗೆ ಬಂದರೂ ಅಲ್ಲಿ ತೂಕಕ್ಕೇ ಹೋಗುತ್ತದೆ.

ಇಷ್ಟು ಹೊತ್ತಿಗೆ ನಾನು ರಿಪೇರಿಯ ಪರ ಮನಸ್ಸು ಮಾಡಿದ್ದೆ. ಲೆಕ್ಕ ಬಂತು, ನ್ಯಾಯ ಬಂತು, ನಾನು ಒಳ್ಳೆಯವನಾದೆ ಎಂದು ಬೀಗುತ್ತಿದ್ದೆ. ಆಗ ನಡೆದದ್ದನ್ನು ಹೇಳಬೇಕು.

ನಮ್ಮ ಮನೆಯ ಹಿಂದೆ ಒಂದು ಸಂದಿ. ಸಂದಿಯಾಚೆ ತಗಡಿನ ಎರಡು ಕೋಣೆ. ಕಟ್ಟಡದ ಕೆಲಸಕ್ಕೆ ಹೋಗುವ ಗಂಡ ಹೆಂಡತಿ, ಮೂರು ಮಕ್ಕಳು. ಎಸಿ ಕೆಟ್ಟು ವಾರವಾಗಿತ್ತು. ಮೆಕ್ಯಾನಿಕ್ ಹಿಂದಿನ ಗೋಡೆಗೆ ಏಣಿ ಹಚ್ಚಿದ್ದನ್ನು ನೋಡಿ ಆಕೆ ಹೊರಗೆ ಬಂದಳು. "ರಿಪೇರಿ ಮಾಡಸ್ತಿರೇನ್ರಿ ಸರ್?" ಎಂದಳು. ಹೌದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇಸರವಿಲ್ಲದ ದನಿಯಲ್ಲಿ ಹೇಳಿದಳು: "ನಿಮ್ಮ ಮಷಿನ್ ಬಂದಾದಾಗಿಂದ ನಮ್ಮ ಹುಡುಗರು ಈ ಗ್ವಾಡಿ ಬಲ್ಲಿ ಮಲಕೋತಾವ್ರಿ. ಮೊದಲ ಇಲ್ಲಿ ಝಳಾ ಬಡೀತಿತ್ತು."

ಹದಿನಾಲ್ಕು ಬೇಸಿಗೆ. ನಾನು ಒಮ್ಮೆಯೂ ಆ ಗೋಡೆಯ ಆಚೆ ನಿಂತು ನೋಡಿರಲಿಲ್ಲ.

ಎಸಿ ತಂಪನ್ನು ಹುಟ್ಟಿಸುವುದಿಲ್ಲ, ಗೆಳೆಯರೆ. ತಂಪು ಹುಟ್ಟಿಸುವ ಯಂತ್ರವೇ ಲೋಕದಲ್ಲಿಲ್ಲ. ಇರುವುದು ಶಾಖವನ್ನು ಇಲ್ಲಿಂದೆತ್ತಿ ಅಲ್ಲಿ ಒಗೆಯುವ ಯಂತ್ರ. ಒಂದು ಟನ್ ಎಂದರೆ ದಿನವಿಡೀ ಓಡಿ ಒಂದು ಟನ್ ಮಂಜುಗಡ್ಡೆ ಕರಗಿಸುವಷ್ಟು ಶಾಖವನ್ನು ಎತ್ತುವ ಶಕ್ತಿ. ಒಂದೂವರೆ ಟನ್ನಿನದು ಪೂರ್ತಿ ಓಡುವಾಗ ಕೋಣೆಯಿಂದ ಸುಮಾರು 5 ಕಿಲೋವ್ಯಾಟ್ ಶಾಖ ಎತ್ತುತ್ತದೆ. ಎತ್ತಲು ತಿಂದ ಸುಮಾರು 2 ಕಿಲೋವ್ಯಾಟ್ ಕರೆಂಟೂ ಶಾಖವೇ ಆಗುತ್ತದೆ. ಎರಡೂ ಕೂಡಿ 7 ಕಿಲೋವ್ಯಾಟ್ ಹೊರಗೆ. ಒಂದೊಂದು ಕಿಲೋವ್ಯಾಟಿನ ಏಳು ಕರೆಂಟ್ ಒಲೆಗಳನ್ನು ಆ ಸಂದಿಯಲ್ಲಿ ಹೊತ್ತಿಸಿಟ್ಟ ಹಾಗೆ. ನನಗೆ ಸಿಕ್ಕ ತಂಪಿಗಿಂತ ಆಕೆಯ ಮಕ್ಕಳಿಗೆ ಸಿಕ್ಕ ಝಳ ಹೆಚ್ಚು. ಹೊಸ ಎಸಿಯಾದರೂ ಇದರಲ್ಲಿ ಅಂಥ ಬದಲಾವಣೆಯಿಲ್ಲ. ಏಳು ಒಲೆ ಆರಾಗಬಹುದು, ಅಷ್ಟೇ. ಐದು ನಕ್ಷತ್ರದ ಚೀಟಿ ನನ್ನ ಬಿಲ್ಲಿನ ಮಾತು ಹೇಳುತ್ತದೆ. ಝಳ ಯಾರ ಮುಖಕ್ಕೆ ಬಡಿಯುತ್ತದೆಂದು ಹೇಳುವ ನಕ್ಷತ್ರ ಇನ್ನೂ ಹುಟ್ಟಿಲ್ಲ.

ಇದು ಹೊಸ ಕತೆಯೂ ಅಲ್ಲ. ಬಿಳಿಯರ ಕಾಲದ ಕಚೇರಿ, ಬಂಗಲೆಗಳಲ್ಲಿ ಸೂರಿಗೆ ತೂಗುಹಾಕಿದ ದೊಡ್ಡ ಬಟ್ಟೆಯ ಪಂಕ ಇರುತ್ತಿತ್ತು. ಅದರ ಹಗ್ಗ ಗೋಡೆಯ ತೂತಿನಿಂದ ಹೊರಗೆ ಬರುತ್ತಿತ್ತು. ಹೊರಗೆ ಪಡಸಾಲೆಯಲ್ಲಿ ಒಬ್ಬ ಕೂಲಿ ಕೂತು ಅದನ್ನು ಎಳೆಯಬೇಕು, ರಾತ್ರಿಯೆಲ್ಲ. ಕೈ ಸೋತು ತೂಕಡಿಸಿದರೆ ಒದೆ. ಗಾಳಿ ಒಳಗಿನವನಿಗೆ, ಬೆವರು ಹೊರಗಿನವನಿಗೆ. ಒಳಗಿನವನಿಗೆ ಹೊರಗಿನವನ ಮುಖ ಕಾಣುತ್ತಿರಲಿಲ್ಲ. ಕಾಣಬಾರದೆಂದೇ ಗೋಡೆ. ಇಂದು ಅದೇ ಗೋಡೆಯಲ್ಲಿ ಅಂಥದೇ ತೂತು, ಹಗ್ಗದ ಬದಲು ತಾಮ್ರದ ಕೊಳವೆ. ಮೊದಲ ಎಸಿಯಾದರೂ ಮನುಷ್ಯನ ಮೇಲಿನ ಕರುಣೆಯಿಂದ ಹುಟ್ಟಿದ್ದೇನಲ್ಲ. 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಎಂಜಿನಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ ಅದನ್ನು ರೂಪಿಸಿದ್ದು, ತೇವದಿಂದ ಕಾಗದ ಹಿಗ್ಗಿ ಬಣ್ಣದ ಅಚ್ಚು ಕೆಡಬಾರದೆಂದು. ಕಾಗದದ ಮರ್ಯಾದೆ ಮೊದಲು, ಕೂಲಿಯ ಮೈ ಆಮೇಲೆ.

ನಮ್ಮಲ್ಲೂ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವಂತೆ ಸರ್ಕಾರವೇ ಆದೇಶ ಹೊರಡಿಸುತ್ತದೆ. ಒಳ್ಳೆಯ ಆದೇಶ. ಬಿಸಿಲು ಮನುಷ್ಯನನ್ನು ಕೊಲ್ಲುತ್ತದೆಂದು ಸರ್ಕಾರಕ್ಕೆ ಗೊತ್ತಿದೆ ಎಂದಾಯಿತು. ಆದರೆ ಶಹಾಬಾದಿನ ಕಲ್ಲು ಒಡೆಯುವವನಿಗೆ, ಸೆಂಟ್ರಿಂಗ್ ಕಟ್ಟುವವಳಿಗೆ ಆ ಗಡಿಯಾರವಿಲ್ಲ. ಕಾಗದ ಹಿಡಿಯುವ ಕೈಗೆ ಒಂದು ಬಿಸಿಲು, ಕಲ್ಲು ಹಿಡಿಯುವ ಕೈಗೆ ಇನ್ನೊಂದು.

ಈ ಮಾತುಗಳನ್ನು ಒಬ್ಬ ಗೆಳೆಯನ ಮುಂದೆ ಆಡಿದೆ. ಅವನು ಚಳವಳಿಯಲ್ಲಿ ಕೂದಲು ನರೆತವನು. "ಇಷ್ಟೆಲ್ಲ ಲೆಕ್ಕ ಯಾಕೋ? ಕಿತ್ತು ಒಗಿ. ತಗಡಿನ ಮನೆಯಲ್ಲಿ ಬೆಳೆದವನಿಗೆ ಎಸಿ ಯಾಕೆ ಬೇಕು?" ಎಂದ. ಈ ಮಾತಿನಲ್ಲಿ ಸಿಟ್ಟು ನಿಜ, ನ್ಯಾಯ ಅರ್ಧ. ಬಿಸಿಲು ತಡೆಯುವ ಮೈ ನಮ್ಮದು, ನಮಗೆ ತಂಪು ಬೇಡ ಎಂದು ಮೊದಲಿಂದ ಹೇಳಿದವರು ಯಾರು? ನಮ್ಮ ದುಡಿತದ ಮೇಲೆ ನೆರಳಲ್ಲಿ ಕೂತವರು. ಅವರ ಮಾತನ್ನು ನಾವೇ ತ್ಯಾಗವೆಂದು ಹೊತ್ತು ತಿರುಗಬೇಕೆ? ಎಂಬತ್ತರ ಮುದುಕಿ ತಂಪಿನಲ್ಲಿ ಮಲಗುವುದು ವಿಲಾಸವಲ್ಲ. ಆ ಮೂರು ಮಕ್ಕಳು ತಂಪಿನಲ್ಲಿ ಮಲಗಿದ್ದರೂ ವಿಲಾಸವಾಗುತ್ತಿರಲಿಲ್ಲ. ತಂಪು ಹಕ್ಕು. ನನ್ನ ಹಕ್ಕಿನ ಕಸವನ್ನು ಇನ್ನೊಬ್ಬರ ಅಂಗಳಕ್ಕೆ ಗುಡಿಸುವುದು ಮಾತ್ರ ಹಕ್ಕಲ್ಲ. ಊರಿನ ಗಲೀಜೆಲ್ಲ ಕೇರಿಯ ಕಡೆ ಹರಿಯುವಂತೆ ಕಟ್ಟಿದ ಊರುಗಳಲ್ಲಿ ಬೆಳೆದ ನನಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಯಿತಲ್ಲ ಎಂಬುದೇ ನಾಚಿಕೆ. ಅಂಗಳ ಬದಲಾದೊಡನೆ ನಾನೂ ಅದೇ ಕಡೆ ಗುಡಿಸಿದೆ.

ಕೊನೆಗೆ ಏನು ಮಾಡಿದೆ? ಮೆಕ್ಯಾನಿಕ್‌ನಿಗೆ ಅವಸರ ಮಾಡಬೇಡ ಎಂದೆ. ನೈಟ್ರೋಜನ್ ಒತ್ತಡ ಕೊಟ್ಟು, ಸೋಪಿನ ನೊರೆ ಹಚ್ಚಿ ತೂತು ಹುಡುಕಿದ. ಹೊರಗಿನ ಪೆಟ್ಟಿಗೆಯ ಬೆಸುಗೆಯಲ್ಲಿ ಗುಳ್ಳೆ ಎದ್ದಿತು. ಅಲ್ಲಿ ಬೆಸೆದು, ಕೊಳವೆಯ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಅದೇ ಗ್ಯಾಸನ್ನೇ ತೂಕ ಮಾಡಿ ತುಂಬಿದ. ಬರೀ ತುಂಬುವುದಕ್ಕಿಂತ ಎರಡು ಪಟ್ಟು ಖರ್ಚು, ಇಡೀ ಒಂದು ದಿನದ ಕೆಲಸ. ನೈಟ್ರೋಜನ್ ದುಬಾರಿಯೆಂದು ಕೆಲವರು ಆಕ್ಸಿಜನ್ ಬಳಸುತ್ತಾರೆ. ಒಳಗಿನ ಎಣ್ಣೆಗೆ ಅದು ತಾಗಿದರೆ ಯಂತ್ರ ಸಿಡಿದು ಮನುಷ್ಯ ಸಾಯುತ್ತಾನೆ. ಹಳೆಯ ಯಂತ್ರಕ್ಕೆ ಸಿಕ್ಕ ಗ್ಯಾಸ್ ತುಂಬುವವರೂ ಇದ್ದಾರೆ. ಅದು ಬೆಂಕಿಯ ಗ್ಯಾಸಾದರೆ ಮನೆಯೇ ಹೊತ್ತೀತು. ಅಗ್ಗದ ರಿಪೇರಿ ಕೇಳುವಾಗ ನಾವು ಚೌಕಾಸಿ ಮಾಡುವುದು ಅವನ ಜೀವದ ಮೇಲೆ ಎಂಬುದು ನೆನಪಿರಲಿ. ಕಂಪ್ರೆಸರ್ ಸುಟ್ಟಿದ್ದರೆ, ಕೊಳವೆಗಳೆಲ್ಲ ಜರಡಿಯಾಗಿದ್ದರೆ ನಾನೂ ಹೊಸದನ್ನೇ ತರುತ್ತಿದ್ದೆ. ವರ್ಷದ ಹತ್ತು ತಿಂಗಳು ಹಗಲಿಡೀ ಓಡಿಸುವ ಅಂಗಡಿಯವನ ಲೆಕ್ಕವೂ ಬೇರೆ, ಅವನಿಗೆ ಹೊಸದು ಬೇಗ ಹುಟ್ಟುತ್ತದೆ. ಆದರೆ ಯಾರೇ ಆಗಲಿ, ಹಳೆಯದು ಮನೆ ಬಿಡುವ ಮುಂಚೆ ಅದರ ಗ್ಯಾಸನ್ನು ಸಿಲಿಂಡರಿಗೆ ಹಿಡಿಸಬೇಕು. ಹಿಡಿಯುವ ಯಂತ್ರವಿದೆ. ಅದು ನಮ್ಮ ಮೆಕ್ಯಾನಿಕ್‌ನ ಚೀಲದಲ್ಲಿಲ್ಲ. ಆ ಯಂತ್ರ ಕೊಳ್ಳುವಷ್ಟು ರೊಕ್ಕ ಅವನಲ್ಲಿಲ್ಲ. ಲಕ್ಷಾಂತರ ಎಸಿ ಮಾರುವವರಲ್ಲಿದೆ. ಹೊಸದು ಮಾರಿದವನೇ ಹಳೆಯದರ ಗ್ಯಾಸ್ ಹಿಡಿದು ಲೆಕ್ಕ ಕೊಡಲಿ, ಮೆಕ್ಯಾನಿಕ್‌ನಿಗೆ ಯಂತ್ರ ಮತ್ತು ತರಬೇತಿ ಕೊಡಲಿ ಎಂದು ನಾವು ಕೇಳಬೇಕು. ಒಬ್ಬೊಬ್ಬರೆ ಕೇಳಿದರೆ ಅಂಗಡಿಯ ಹುಡುಗ ನಗುತ್ತಾನೆ. ಕೂಡಿ ಕೇಳಬೇಕು.

ಹೊರಗಿನ ಪೆಟ್ಟಿಗೆಯನ್ನು ಸಂದಿಯ ಗೋಡೆಯಿಂದ ತೆಗೆಸಿ ಮಾಳಿಗೆಯ ಮೇಲೆ ಕೂರಿಸಿದೆ. ಕೊಳವೆ ಉದ್ದವಾಯಿತು, ಖರ್ಚು ಬೆಳೆಯಿತು, ಝಳ ಆಕಾಶಕ್ಕೆ ಹೋಯಿತು. ಮಾಳಿಗೆಗೆ ಸುಣ್ಣ ಬಳಿಸಿದೆ. 27ಕ್ಕೆ ಇಟ್ಟು ಫ್ಯಾನ್ ಹಾಕಿದರೆ ಅವ್ವನಿಗೆ ಸಾಕು. ಇದರಿಂದ ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ನನ್ನ ಕರೆಂಟಿನಲ್ಲಿ ರಾಯಚೂರಿನ ಶಕ್ತಿನಗರದ ಕಲ್ಲಿದ್ದಲೂ ಇದೆ. ಆ ಬೂದಿ ಬೀಳುವ ಅಂಗಳಗಳು ನನ್ನ ಮಾಳಿಗೆಯಿಂದ ಕಾಣುವುದಿಲ್ಲ.

ಈ ಬೇಸಿಗೆ ಸಂದಿಯಲ್ಲಿ ಆಕೆ ಸಿಕ್ಕಳು. ಈಗ ಹ್ಯಾಂಗದವ್ವಾ ಎಂದು ಕೇಳಿದೆ. ಹೊಗಳುತ್ತಾಳೆಂಬ ಆಸೆ ನನಗಿದ್ದದ್ದು ಸುಳ್ಳಲ್ಲ.

"ಝಳಾ ಇಲ್ರಿ ಸರ್ ಈಗ," ಎಂದಳು. ಆಮೇಲೆ ತನ್ನ ಮನೆಯ ಕಡೆ ನೋಡಿ, "ಆದ್ರ ತಗಡು ತಗಡೇ ಅದಲ್ರಿ" ಎಂದಳು.